ಟಾಫಿಯ ವಿಷಯವಾಗಿ ಪುಟ್ಟಿಗೆ

ಮೈಸೂರು
ಗೌರಿ ಹಬ್ಬವಾದ ಐದನೆಯ ದಿನ

ಚಿ. ಸೌ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಮನೆ ಕಡೆಯ ಸಮಾಚಾರವೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಈ ವಿಷಯ ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ.

ನಾಲ್ಕು ಪುಟ ಬರೆದಿದ್ದೀಯ. ಖರ್ಚಿನ ಲೆಕ್ಕ ಬರೆದಿದ್ದೀಯ. ಎರವಲು ತಂದ ತಟ್ಟು ಕುದುರೆ ಟಾಫಿಯನ್ನು ಅದರ ಯಜಮಾನಿ ಈಗ ನಿಮಗೇ ಕೊಟ್ಟುಬಿಡುತ್ತೇನೆ ಅಂದಿದ್ದಾರೆ, ಆದರೆ ಮಗಳು ಚಿನ್ನು ಉದ್ದ ಬೆಳೆದುಬಿಟ್ಟಳು, ಇನ್ನು ಅದರ ಮೇಲೆ ಕೂರುವ ಹಾಗಿಲ್ಲ ಅಂತ ಬರೆದಿದ್ದೀಯ. ಅದೆಲ್ಲ ಸರಿ. ಮೂರನೆಯ ಪುಟದ ಕೊನೆಗೆ ಒಂದು ಮಾತಿದೆ. ‘ಇಷ್ಟು ದಿನ ಟಾಫಿಗೆ ಏನಾದರೂ ಆದರೆ ಅದರ ಯಜಮಾನಿಗೆ ಫೋನ್ ಮಾಡಿದ್ರೆ ಸಾಕಿತ್ತು ಮಾವ. ಈಗ ಸಹಿ ಹಾಕಿದರೆ ಆ ದಿನ ಡಾಕ್ಟರು ನನ್ನ ಮುಖ ನೋಡ್ತಾರೆ.’ ಅಷ್ಟು ಬರೆದು ತಕ್ಷಣ ಮಳೆಯ ಮಾತಿಗೆ ಹೋಗಿದ್ದೀಯ.

ಆ ಮಾತು ನನ್ನನ್ನು ಬಿಡುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತರೂ ಅದೇ. ಡಾಕ್ಟರು ನನ್ನ ಮುಖ ನೋಡ್ತಾರೆ.

ಮೊದಲು ಇಷ್ಟು ಹೇಳಿಬಿಡುತ್ತೇನೆ. ನೋವು ಮುಗಿಸಿ ಅದನ್ನು ಕಳಿಸಿಕೊಡುವ ನಿರ್ಧಾರ ಆ ದಿನ ನಿನ್ನದೇ ಆಗುತ್ತದೆ ಅನ್ನೋ ಆ ಭಯ ಸಣ್ಣದಲ್ಲ. ಅದನ್ನು ಬರೆದಿದ್ದಕ್ಕೆ ನೀನು ನಾಚಿಕೆಪಡಬೇಕಾಗಿಯೂ ಇಲ್ಲ. 27 ವರ್ಷದ ತಟ್ಟು ಅದು. ಎರವಲಾಗಿ ನಿಮ್ಮ ಹತ್ತಿರ ಐದು ವರ್ಷ ಇತ್ತು. ಮೇವು ಹಾಕಿದವಳು ನೀನು, ಮೈ ಉಜ್ಜಿದವಳು ಚಿನ್ನು. ಆದರೂ ಕೊನೆಯ ಮಾತು ಇನ್ನೊಬ್ಬರದಾಗಿತ್ತು. ಅದೊಂದು ನೆಮ್ಮದಿ ಅಂತ ಈಗ ನಿನಗೆ ಗೊತ್ತಾಗಿದೆ. ಎರವಲು ತಂದ ವಸ್ತುವಿನಲ್ಲಿ ಇರುವ ಹಗುರ ಅದೇ ಅಲ್ವಾ.

ನಾನು ಇಂಗ್ಲೆಂಡಿಗೆ ನಿಮ್ಮಲ್ಲಿಗೆ ಬಂದಾಗ ಮ್ಯಾಂಚೆಸ್ಟರ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಿರಿ. ಅಲ್ಲಿ ಓಲ್ಡ್ ಬಿಲ್ಲಿ ಅನ್ನೋ ಕುದುರೆಯ ತಲೆಬುರುಡೆ ಇತ್ತು. ನಾನು ಅದರ ಮುಂದೆ ನಿಂತೇಬಿಟ್ಟೆ. ಚಿನ್ನು ಕೈ ಎಳೆದು ಎಳೆದು ಸಾಕಾಗಿ ನೆಲದ ಮೇಲೆ ಕೂತಳು, ನೆನಪಿದೆಯಾ? 1760ರಲ್ಲಿ ಹುಟ್ಟಿದ್ದು, 1822ರಲ್ಲಿ ಸತ್ತಿದ್ದು. 62 ವರ್ಷ! ಹುಟ್ಟಿದ ಊರು ವೂಲ್‌ಸ್ಟನ್, ನಿಮ್ಮ ವಾರಿಂಗ್ಟನ್ ಪಕ್ಕದಲ್ಲೇ. ದಡದ ಮೇಲೆ ನಡೆಯುತ್ತಾ ದೋಣಿ ಎಳೆಯುವುದು ಅದರ ಕೆಲಸ. ಐವತ್ತು ದಾಟಿದ ಮೇಲೂ ದುಡಿದಿದೆ. ಕೊನೆಯ ಕೆಲವು ವರ್ಷ ಮಾತ್ರ ಕೆಲಸದಿಂದ ಬಿಡಿಸಿ ಹುಲ್ಲಿಗೆ ಬಿಟ್ಟಿದ್ದರಂತೆ. ನೀವೆಲ್ಲ ನಾನು ವಯಸ್ಸಿನ ಲೆಕ್ಕ ನೋಡಿ ಬೆರಗಾಗಿದ್ದೇನೆ ಅಂದುಕೊಂಡಿರಿ. ನಾನು ಯೋಚನೆ ಮಾಡುತ್ತಿದ್ದದ್ದು ಬೇರೆ. ಕೊನೆಗೆ ಇದರ ಪಕ್ಕ ಯಾರು ನಿಂತಿದ್ದರು ಅಂತ. ಯಾರದೋ ಒಂದು ಕೈ ಇದರ ಕುತ್ತಿಗೆಯ ಮೇಲೆ ಇತ್ತಾ ಅಂತ.

ಹಾಗೆ ಯೋಚಿಸಲು ಕಾರಣ ನಮ್ಮ ಜಟಕಾ ಕುದುರೆ ಮೋತಿ. ಅದನ್ನು ಮಾರಿದ ಕಥೆ ನಿನಗೆ ಗೊತ್ತು. ನಿಮ್ಮ ತಾತ ತೀರಿಕೊಂಡರು, ನನಗೆ ಪಶುಪಾಲನಾ ಇಲಾಖೆಯ ಆರ್ಡರು ಬಂತು, ಜಟಕಾ ಹೊಡೆಯುವವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ನಿಮ್ಮಮ್ಮ ಅಷ್ಟು ಹೇಳಿ ‘ಏನು ಮಾಡೋಕಾಗ್ತಿತ್ತು’ ಅಂತ ಮುಗಿಸುತ್ತಾಳೆ. ನಾನೂ ತಲೆ ಆಡಿಸುತ್ತೇನೆ. ಅದರ ಮುಂದಿನದ್ದು ಅವಳಿಗೂ ಗೊತ್ತಿಲ್ಲ.

ಮಾರಿದ್ದು 1976ರಲ್ಲಿ. ಎಂಟು ತಿಂಗಳು ಕಳೆದಿರಬೇಕು. ರಜೆಗೆ ಮೈಸೂರಿಗೆ ಬಂದಿದ್ದೆ. ರೈಲ್ವೆ ಸ್ಟೇಷನ್ ಮುಂದೆ ಅಪ್ಪಾಜಿಯ ಜೊತೆ ಗಾಡಿ ನಿಲ್ಲಿಸುತ್ತಿದ್ದ ಸಾಬರೊಬ್ಬರು ಸಿಕ್ಕಿದರು. ಕೈ ಹಿಡಿದು ಪಕ್ಕಕ್ಕೆ ಕರೆದರು. ‘ನಿಮ್ಮ ಮೋತೀನ ನೋಡಿದೆ ಕಣಪ್ಪಾ. ಇಟ್ಟಿಗೆ ಗೂಡಿನಲ್ಲಿ ಮಣ್ಣು ಎಳೀತಾ ಇದೆ. ಮುಂಗಾಲು ಎರಡೂ ಊದಿದೆ’ ಅಂದರು. ಬಸ್ಸಿನಲ್ಲಿ ಹೋದರೆ ಒಂದು ಗಂಟೆಯ ದಾರಿ. ನಾನು ಅವತ್ತೇ ಎರಡು ಸೇರು ಹುರುಳಿ ಕೊಂಡುಕೊಂಡೆ. ಬಸ್ ಸ್ಟ್ಯಾಂಡಿಗೆ ಹೋದೆ. ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು. ಹುರುಳಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದೆ. ಆಮೇಲೆ ಎದ್ದು ಮನೆಗೆ ಬಂದೆ. ‘ಹುರುಳಿ ಯಾಕೆ ತಂದೆ’ ಅಂತ ಅವ್ವ ಕೇಳಿದಳು. ‘ಸಾರಿಗೆ’ ಅಂದೆ.

ಹೋದರೆ ನೋಡಬೇಕಾಗುತ್ತಿತ್ತು ಪುಟ್ಟಿ. ನೋಡಿದರೆ ಏನಾದರೂ ಒಂದು ಮಾಡಬೇಕಾಗುತ್ತಿತ್ತು. ಮತ್ತೆ ಕೊಂಡು ತರಬೇಕಿತ್ತು, ಇಲ್ಲದಿದ್ದರೆ ನಮ್ಮ ಡಾಕ್ಟರನ್ನು ಕರೆದುಕೊಂಡು ಹೋಗಿ ಅದರ ನೋವು ಮುಗಿಸಿ ಅನ್ನಬೇಕಿತ್ತು. ಅವರು ನನ್ನ ಮುಖ ನೋಡುತ್ತಿದ್ದರು. ನಿನ್ನ ಮಾತೇ ನೋಡು. ಆ ಒಂದು ನೋಟಕ್ಕೆ ಹೆದರಿ ನಾನು ಬಸ್ಸು ಹತ್ತಲಿಲ್ಲ. ಮೋತಿ ಎಷ್ಟು ದಿನ ಇತ್ತೋ, ಎಲ್ಲಿ ಬಿತ್ತೋ. ನನಗೀಗ 73. ಇವತ್ತಿಗೂ ಹುರುಳಿ ಬೇಯುವ ವಾಸನೆ ಬಂದರೆ ನಾನು ಅಡುಗೆಮನೆಯಿಂದ ಎದ್ದು ಹೊರಗೆ ಹೋಗುತ್ತೇನೆ. ನಿಮ್ಮತ್ತೆ ಅದು ಗ್ಯಾಸ್ಟ್ರಿಕ್ ಅಂದುಕೊಂಡಿದ್ದಾಳೆ.

ಇದನ್ನು ಬರೆದು ನಿನ್ನ ಮೇಲೆ ಭಾರ ಹಾಕುತ್ತಿದ್ದೇನಾ ಅನ್ನಿಸುತ್ತದೆ. ನನ್ನ ಮೋತಿಗೆ ಪ್ರಾಯಶ್ಚಿತ್ತವಾಗಿ ನೀನು ಟಾಫಿಯನ್ನು ತೆಗೆದುಕೊಳ್ಳಬೇಕು ಅಂತ ಖಂಡಿತ ಅಲ್ಲ. ಹಾಗೆ ಅನ್ನಿಸಿದರೆ ಈ ಕಾಗದ ಹರಿದುಹಾಕು.

ಇನ್ನೊಂದು ಹೇಳಬೇಕು. ಆಮೇಲಿನ ಮೂವತ್ತು ವರ್ಷದ ಕೆಲಸದಲ್ಲಿ ಬೇರೆಯವರ ದನ, ಎಮ್ಮೆ, ಒಂದೆರಡು ಕುದುರೆ, ಡಾಕ್ಟರು ಕೊನೆಯ ಇಂಜೆಕ್ಷನ್ ಕೊಡುವಾಗ ತಲೆ ಹಿಡಿದುಕೊಳ್ಳುವ ಕೆಲಸ ನನ್ನದಾಗಿತ್ತು. ಯಜಮಾನರಲ್ಲಿ ಕೆಲವರು ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಕೆಲವರು ಹತ್ತಿರವೇ ಇದ್ದು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಹೆಸರು ಕೇಳಿದ ದನದ ಕಿವಿ ಆ ಕಡೆಗೆ ತಿರುಗುತ್ತಿತ್ತು. ನನ್ನ ಕೈಯಲ್ಲಿ ಅದರ ಕತ್ತು ಸಡಿಲವಾಗುತ್ತಿತ್ತು. ಇದು ನನ್ನ ಕೈಗೆ ತಿಳಿದ ವಿಷಯ, ಪುಸ್ತಕದ್ದಲ್ಲ. ನಾನು ತಲೆ ಹಿಡಿದದ್ದು ಒಂದೂ ನನ್ನದಾಗಿರಲಿಲ್ಲ ಅನ್ನೋದೊಂದೇ ಕೊರತೆ.

ಅದಕ್ಕೇ ನಿನ್ನ ಭಯವನ್ನು ನಾನು ಹೀಗೆ ನೋಡುತ್ತೇನೆ. ಡಾಕ್ಟರು ಯಾರದಾದರೂ ಮುಖ ನೋಡಲೇಬೇಕು. ಅವರು ನೋಡುವ ಮುಖ ಟಾಫಿಗೆ ಪರಿಚಯದ್ದಾಗಿರಲಿ ಅನ್ನೋದು ನನ್ನ ಆಸೆ. ಹೆದರದವರ ಕೈಗೆ ಅದನ್ನು ಕೊಡುವುದು ನನಗೇಕೋ ಇನ್ನೂ ಜಾಸ್ತಿ ಭಯ.

ಆದರೆ ‘ತಗೋ’ ಅಂತ ನಾನು ಹೇಳಲಾರೆ. ನಿಮ್ಮ ಸಂಬಳ, ನಿಮ್ಮ ಬೆನ್ನುನೋವು, ಚಳಿಗಾಲದಲ್ಲಿ ಬೆಳಗಿನ ಆರಕ್ಕೆ ಕೆಸರಲ್ಲಿ ನಡೆಯುವುದು, ಇದನ್ನೆಲ್ಲ ಇಲ್ಲಿ ಕೂತು ನಾನು ತೂಗಲು ಆಗುವುದಿಲ್ಲ. ಅದೂ ಅಲ್ಲದೆ ಆ ದಿನ ನಾಳೆಯೇ ಬರುತ್ತದೆ ಅಂತಲೂ ಇಲ್ಲ. ಅಲ್ಲಿಯ ವೆಲ್ಷ್ ತಟ್ಟುಗಳು ಮೂವತ್ತು ದಾಟುವುದು ಅಪರೂಪವಲ್ಲ. ನೀನು ಒಂದು ದಿನಕ್ಕೆ ಹೆದರುತ್ತಿದ್ದೀಯ, ಅದಕ್ಕೆ ಮೊದಲು ಆರೇಳು ವರ್ಷ ಹುಲ್ಲು ಹಾಕಬೇಕಾಗಿ ಬರಬಹುದು. ಗಂಡನ ಜೊತೆ ಕೂತು ಅದರ ಲೆಕ್ಕ ಹಾಕು. ಮೇಲೆ ಕೂರದಿದ್ದರೂ ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಬೇಕು. ಹಲ್ಲು ತೋರಿಸಬೇಕು. ಈ ವಯಸ್ಸಿಗೆ ಕಾಯಿಲೆಯ ಇನ್ಶೂರೆನ್ಸ್ ಸಿಗುವುದು ಕಷ್ಟ, ಹಾಗಾಗಿ ಡಾಕ್ಟರ ಬಿಲ್ಲಿಗೆ ಅಂತ ತಿಂಗಳು ತಿಂಗಳು ಸ್ವಲ್ಪ ಎತ್ತಿಡುವುದು ಒಳ್ಳೆಯದೇನೋ. ಕೊನೆಯ ದಿನದ ಖರ್ಚೂ ನೂರಾರು ಪೌಂಡು ಆಗುತ್ತದೆ, ಅದನ್ನೂ ಈಗಲೇ ಬೇರೆ ಇಡು. ಅಂಥ ದಿನ ದುಡ್ಡಿನ ಮಾತು ಆಡುವಂತಾಗಬಾರದು.

ಬೇಸಿಗೆ ಕಳೆದರೂ ಮೈಗೂದಲು ಪೂರ್ತಿ ಉದುರಲಿಲ್ಲ ಅಂತ ಸುಮ್ನೆ ಒಂದು ಮಾತು ಬರೆದಿದ್ದೀಯ. ಅದು ಸುಮ್ನೆ ಬಿಡುವ ಮಾತಲ್ಲ. ಮುದಿ ಕುದುರೆಯ ಮೆದುಳಿನ ಬುಡದಲ್ಲಿರುವ ಗ್ರಂಥಿ ಕೆಟ್ಟರೆ ಹಾಗಾಗುತ್ತದೆ. ನಿಮ್ಮಲ್ಲಿ ಕುಶಿಂಗ್ಸ್ ಅನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಪರ್ಗೊಲೈಡ್ ಮಾತ್ರೆ ಇದೆ, ದಿನವೂ ಕೊಡಬೇಕು. ಅದನ್ನು ಹಾಗೇ ಬಿಟ್ಟರೆ ಲ್ಯಾಮಿನೈಟಿಸ್ ಬಂದು ಗೊರಸಿನ ಒಳಗೆ ನೋವು ಶುರುವಾಗಬಹುದು. ಸಹಿ ಹಾಕುವ ಮೊದಲೇ ಆ ಪರೀಕ್ಷೆ ಆಗಲಿ. ನಾನು ಹೆಚ್ಚಾಗಿ ದನ ನೋಡಿದವನು, ನನ್ನ ಮಾತಿಗಿಂತ ಅಲ್ಲಿಯ ಡಾಕ್ಟರ ಮಾತು ದೊಡ್ಡದು.

ಅವರ ಜೊತೆ ಆ ದಿನದ ಬಗ್ಗೆಯೂ ಈಗಲೇ ಮಾತಾಡು. ಟಾಫಿ ಚೆನ್ನಾಗಿರುವಾಗಲೇ. ‘ಯಾವುದನ್ನು ಕಂಡರೆ ನೀವು ಸಾಕು ಅನ್ನುತ್ತೀರಿ’ ಅಂತ ಕೇಳು. ಅದಕ್ಕೆ ಇಷ್ಟವಾದ ಮೂರು ನಾಲ್ಕು ಸಂಗತಿ ಒಂದು ಹಾಳೆಯಲ್ಲಿ ಬರೆದಿಡು. ಚಿನ್ನುವಿನ ಜೇಬಿಗೆ ಮೂತಿ ಹಾಕುತ್ತದೆ ಅಂದಿದ್ದೆಯಲ್ಲ, ಅದು. ಆ ಬೂದು ಬಣ್ಣದ ಜೊತೆಗಾರನ ಹಿಂದೆ ಬೇಲಿಯವರೆಗೆ ನಡೆಯುತ್ತದಲ್ಲ, ಅದು. ಮಲಗಿ ಹೊರಳಿ ತಾನೇ ಏಳುತ್ತದಾ, ಅದು. ಒಂದೊಂದೇ ನಿಂತುಹೋದರೆ ಹಾಳೆಯೇ ನಿನಗೆ ಹೇಳುತ್ತದೆ. ಆಗ ನಿನ್ನೊಬ್ಬಳ ತಲೆಯ ಮೇಲೆ ಅಷ್ಟು ಭಾರ ಇರುವುದಿಲ್ಲ. ಇಷ್ಟಾದರೂ ಭಾರ ಇದ್ದೇ ಇರುತ್ತದೆ, ಇರುವುದಿಲ್ಲ ಅಂತ ಸುಳ್ಳು ಹೇಳಲಾರೆ.

ಅಲ್ಲಿಯ ಚಳಿಗಾಲ ಮುದಿ ಪ್ರಾಣಿಗೆ ಕಠಿಣ. ಸೋತುಹೋದ ಕುದುರೆಯನ್ನು ಜನವರಿಯ ಕೆಸರಿಗೆ ದೂಡುವುದಕ್ಕಿಂತ ಅಕ್ಟೋಬರಿನ ಬಿಸಿಲಲ್ಲೇ ಕಳಿಸಿಕೊಡುವವರೂ ಇದ್ದಾರೆ. ಅದು ಅವಸರ ಅಂತ ನಾನು ಅನ್ನುವುದಿಲ್ಲ. ಟಾಫಿಗೆ ಈಗ ಹಾಗೇನೂ ಇಲ್ಲ, ನೀನು ಬರೆದಿದ್ದನ್ನು ನೋಡಿದರೆ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಒಮ್ಮೆ ಡಾಕ್ಟರನ್ನು ಕರೆಸು, ಅಷ್ಟು ಮಾಡು.

ಬೇಡ ಅನ್ನಿಸಿದರೆ ಬೇಡ ಅನ್ನು. ಅದರಲ್ಲಿ ತಪ್ಪಿಲ್ಲ. ಆದರೆ ಅದರ ಯಜಮಾನಿಯನ್ನು ಬಾಯಿಬಿಟ್ಟು ಕೇಳು, ‘ನಾವು ತೆಗೆದುಕೊಳ್ಳದಿದ್ದರೆ ಇದು ಎಲ್ಲಿಗೆ ಹೋಗುತ್ತದೆ?’ ಅಂತ. ತಾವೇ ಇಟ್ಟುಕೊಳ್ಳುತ್ತಾರಾ, ಅಥವಾ ಇನ್ಯಾರಿಗೋ ಪುಕ್ಕಟೆ ಕೊಟ್ಟುಬಿಡುತ್ತಾರಾ? ಪುಕ್ಕಟೆ ಹೋದ ಮುದಿ ಪ್ರಾಣಿ ಒಂದು ಕೈಯಲ್ಲಿ ನಿಲ್ಲುವುದಿಲ್ಲ. ‘ಒಳ್ಳೆ ಕಡೆ ಹೋಗುತ್ತೆ’ ಅಂತ ನನಗೂ ದಲ್ಲಾಳಿ ಹೇಳಿದ್ದ. ನಾನು ಎಲ್ಲಿಗೆ ಅಂತ ಕೇಳಲಿಲ್ಲ. ಇಲ್ಲದಿದ್ದರೆ ಎರವಲೇ ಮುಂದುವರಿಯಲಿ, ಕೊನೆಯ ಮಾತು ಯಾರದು ಅನ್ನೋದನ್ನು ಕಾಗದದಲ್ಲಿ ಬರೆದುಕೊಳ್ಳೋಣ ಅಂತ ಕೇಳಿ ನೋಡಬಹುದು. ಅವರು ಒಪ್ಪುತ್ತಾರೋ ಇಲ್ಲವೋ.

ತೆಗೆದುಕೊಂಡರೆ ಒಂದು ಪೌಂಡಿಗಾದರೂ ಬರಹದಲ್ಲಿ ರಸೀದಿ ಮಾಡಿಸಿಕೋ. ಕುದುರೆಯ ಪಾಸ್‌ಪೋರ್ಟ್ ಕೈಗೆ ಬಂದ ಮಾತ್ರಕ್ಕೆ ಅದು ನಿನ್ನದಾಗುವುದಿಲ್ಲ. 30 ದಿನದೊಳಗೆ ಅದರಲ್ಲಿ ಹೆಸರು ಬದಲಾಯಿಸಲು ಕಳಿಸಬೇಕು. ಇದೆಲ್ಲ ನಿನಗೇ ಗೊತ್ತಿರುತ್ತದೆ, ಮುದುಕನ ಅಭ್ಯಾಸ, ಬರೆದೆ.

ಚಿನ್ನುವನ್ನು ಕೇಳು, ಆದರೆ ನಿರ್ಧಾರ ಅವಳ ಮೇಲೆ ಹಾಕಬೇಡ. ಹದಿನಾಲ್ಕು ವರ್ಷದ ಮಗು. ‘ನೀನು ಬೇಕು ಅಂದಿದ್ದಕ್ಕೆ ಇಟ್ಟುಕೊಂಡೆವು’ ಅನ್ನೋ ಮಾತು ಆ ಕೊನೆಯ ದಿನ ಅವಳನ್ನು ಚುಚ್ಚುತ್ತದೆ. ಅವತ್ತು ಅವಳು ಹತ್ತಿರ ಇರುತ್ತೇನೆ ಅಂದರೆ ಇರಲಿ, ಬೇಡ ಅಂದರೆ ಬೇಡ. ಆಮೇಲೆ ಆ ಬೂದು ಕುದುರೆಗೂ ಹತ್ತಿರ ಹೋಗಿ ಮೂಸಲು ಬಿಡಿ. ಜೊತೆಗಾರ ಎಲ್ಲಿಗೆ ಹೋದ ಅಂತ ಅದು ಬೇಲಿ ಬೇಲಿ ಸುತ್ತಿ ಕೂಗಬಾರದು.

ನಿನ್ನ ಆ ಮಾತಿಗೆ ಸರಿಯಾದ ಉತ್ತರ ಕೊಟ್ಟೆನಾ ಗೊತ್ತಿಲ್ಲ. ನಿನ್ನೆ ಇಡೀ ದಿನ ಹುಡುಕಿದೆ. ಸಿಕ್ಕಿದ್ದು ಇಷ್ಟು. ಇಷ್ಟು ದಿನ ನೀನು ಫೋನ್ ಮಾಡಲು ಒಬ್ಬರಿದ್ದರು, ಇನ್ನು ಮುಂದೆ ಇರುವುದಿಲ್ಲ ಅಂತ ತಾನೇ ಹೆದರಿಕೆ? ನನಗೆ ಮಾಡು. ನಿಮ್ಮಲ್ಲಿ ಬೆಳಗಿನ ಜಾವವಾಗಿರಲಿ, ನಮ್ಮಲ್ಲಿ ನಡುರಾತ್ರಿಯಾಗಿರಲಿ. ಡಾಕ್ಟರು ನಿನ್ನ ಮುಖ ನೋಡಿದಾಗ ಫೋನನ್ನು ಕಿವಿಗೆ ಇಟ್ಟುಕೊಂಡಿರು, ಇನ್ನೊಂದು ಕೈ ಅದರ ಕುತ್ತಿಗೆಯ ಮೇಲೆ ಇರಲಿ. ನಾನು ಏನೂ ಹೇಳದಿದ್ದರೂ ಈ ಕಡೆ ಇರುತ್ತೇನೆ. ಆ ಹೊತ್ತಿಗೆ ನಾನು ಇಲ್ಲದೆ ಹೋದರೆ ನಿಮ್ಮಮ್ಮನಿಗೆ ಮಾಡು. ಅವಳಿಗೆ ಮೋತಿಯ ಈ ಉಳಿದ ಕಥೆಯನ್ನು ಈ ವಾರವೇ ಹೇಳಿಬಿಡುತ್ತೇನೆ.

ರಕ್ತ ಪರೀಕ್ಷೆಯಲ್ಲಿ ಏನು ಬಂತು ಅಂತ ಬರೆ.

ಇಂತಿ ನಿನ್ನ
ಮಾವ

ಮರೆತಿದ್ದೆ. ಬಾಯಿಂದ ಹುಲ್ಲಿನ ಉಂಡೆ ಉದುರಿಸುತ್ತದೆ ಅಂದಿದ್ದೀಯ. ಅಂದರೆ ದವಡೆ ಹಲ್ಲು ಸವೆದಿರಬಹುದು, ಹಲ್ಲು ನೋಡುವವರನ್ನು ಬೇಗ ಕರೆಸು. ಅಲ್ಲಿಯವರೆಗೆ ಮೇವಿನ ಗುಳಿಗೆಯನ್ನೂ ಬೀಟ್ ತಿರುಳನ್ನೂ ಚೆನ್ನಾಗಿ ನೆನೆಸಿ ಗಂಜಿಯ ಹಾಗೆ ಮಾಡಿ ಕೊಡು. ಒಣಗಿದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.