ಗಂಟು ತೆಗೆದರೆ ಮುಗೀತಾ?

ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಸ್ತನ ಕ್ಯಾನ್ಸರ್ ವಿಷಯ ಬಂದಾಗಲೆಲ್ಲ, ಗಂಟು ಇದೆಯಾ ಅಂತ ಮುಟ್ಟಿ ನೋಡಿಕೊಳ್ಳೋದು ಹೇಗೆ ಅನ್ನುವುದಕ್ಕೇ ಮುಕ್ಕಾಲು ಜಾಗ ಹೋಗುತ್ತದೆ. ಅದೂ ಬೇಕು. ಆದರೆ ತೆಗೆದ ಗಂಟು ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಬರೆಯುವುದಿಲ್ಲ. ನಾನು ಬೆಳಗಾವಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು, ನನಗೆ ಕಾಣುವುದೇ ಆ ಭಾಗ.

ಮೊನ್ನೆ ಜಮಖಂಡಿ ಕಡೆಯವರೊಬ್ಬರು ಹೆಂಡತಿಯ ಗಂಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ಆಪರೇಷನ್ ಹಿಂದಿನ ದಿನವೇ ಆಗಿತ್ತು. ಡಬ್ಬಿಯಲ್ಲಿ ಗಂಟು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣ ಇರಲಿಲ್ಲ, ಬರೀ ಉಪ್ಪುನೀರಿನ ಸಲೈನ್ ಇತ್ತು. "ಗಂಟು ತಗದಾರಲ್ರೀ ಅಕ್ಕಾರ, ಮತ್ಯಾಕ ಟೆಸ್ಟು?" ಅಂದರು. ಅವರದೇನು ತಪ್ಪು, ಆಪರೇಷನ್ ಮಾಡಿದವರು ಹೇಳಬೇಕಿತ್ತಲ್ವಾ?

ಟೆಸ್ಟು ಯಾಕೆ ಅಂದರೆ, ಮುಂದೆ ಯಾವ ಔಷಧಿ ಅನ್ನೋದು ಅದರಿಂದಲೇ ಗೊತ್ತಾಗಬೇಕು. ಜೀವಕೋಶ ಸುಮ್ನೆ ತಾನಾಗಿ ಬೆಳೆಯುವುದಿಲ್ಲ. ಬೆಳೆ ಅಂತ ಸಂದೇಶ ಬರಬೇಕು, ಅದನ್ನು ಹಿಡಿಯುವ ರಿಸೆಪ್ಟರ್ ಇರಬೇಕು, ಕೆಲಸ ಆದ ಮೇಲೆ ಸಂದೇಶ ನಿಲ್ಲಬೇಕು. ಕ್ಯಾನ್ಸರಿನಲ್ಲಿ ಅದು ನಿಲ್ಲುವುದೇ ಇಲ್ಲ, ಬಟನ್ ಒಳಗೇ ಸಿಕ್ಕಿಕೊಂಡ ಕಾಲಿಂಗ್ ಬೆಲ್ ಥರ. ಸುಮಾರು 70% ಸ್ತನ ಕ್ಯಾನ್ಸರ್‌ಗಳಲ್ಲಿ ಸಂದೇಶ ಈಸ್ಟ್ರೋಜನ್ ಹಾರ್ಮೋನಿನ ಮೂಲಕ ಬರುತ್ತದೆ. ಅಂಥವರಿಗೆ ಆ ರಿಸೆಪ್ಟರನ್ನೇ ಅಡ್ಡಗಟ್ಟುವ ಟ್ಯಾಮಾಕ್ಸಿಫೆನ್ ಮಾತ್ರೆ ಇದೆ, ಅಗ್ಗದ್ದು, ಐದು ವರ್ಷ ಇಲ್ಲವೇ ಇನ್ನೂ ಜಾಸ್ತಿ ದಿನ ನುಂಗಬೇಕು. ಇನ್ನು 15ರಿಂದ 20% ಗಂಟುಗಳಲ್ಲಿ ಹರ್-2 ಅನ್ನುವ ಜೀನ್ ಹಲವು ಪ್ರತಿಗಳಾಗಿ, ಕೋಶದ ಮೇಲೆಲ್ಲ ಅದರ ರಿಸೆಪ್ಟರ್‌ಗಳು ಕಿಕ್ಕಿರಿದು, ಯಾರೂ ಹೇಳದಿದ್ದರೂ ತಮ್ಮತಮ್ಮಲ್ಲೇ ಜೋಡಿಯಾಗಿ ಸಂದೇಶ ಕಳಿಸುತ್ತಲೇ ಇರುತ್ತವೆ. ಅದಕ್ಕೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು, ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರಂತೆಯೇ ಕೆಲಸ ಮಾಡುವ ಬಯೋಸಿಮಿಲರ್ ಔಷಧಿಯನ್ನು ಭಾರತದ ಮಾರುಕಟ್ಟೆಗೆ ತಂದಿತು. ಇಆರ್ (ಈಸ್ಟ್ರೋಜನ್ ರಿಸೆಪ್ಟರ್), ಪಿಆರ್ (ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನಿನ ರಿಸೆಪ್ಟರ್), ಹರ್-2 ಮೂರೂ ಇಲ್ಲದಿದ್ದರೆ ಅದು ಟ್ರಿಪಲ್ ನೆಗೆಟಿವ್, ಅದಕ್ಕೆ ಹಾರ್ಮೋನ್ ಮಾತ್ರೆ ಕೆಲಸ ಮಾಡುವುದಿಲ್ಲ, ದಾರಿಯೇ ಬೇರೆ.

ಈ ಮೂರನ್ನೂ ನೋಡುವುದು ಆ ಗಂಟಿನ ತುಣುಕಿನಲ್ಲೇ. ತೆಗೆದ ಕೂಡಲೇ, ಗಂಟಿನ ಗಾತ್ರದ ಹತ್ತು ಪಟ್ಟು 10% ಫಾರ್ಮಲಿನ್ ಇರುವ ಅಗಲ ಬಾಯಿಯ ಡಬ್ಬಿಗೆ ಹಾಕಬೇಕು, ಕನಿಷ್ಠ 6 ಗಂಟೆ ಅದರಲ್ಲಿರಬೇಕು, 72 ಗಂಟೆ ದಾಟಬಾರದು. ಸಲೈನಿನಲ್ಲಿ ರಾತ್ರಿ ಕಳೆದ ಗಂಟಿನಲ್ಲಿ ಇಆರ್ ನೆಗೆಟಿವ್ ಬಂದರೆ, ಅದು ನಿಜವಾಗಿ ನೆಗೆಟಿವ್ವೋ, ತುಣುಕು ಕೆಟ್ಟು ಹಾಗೆ ಬಂತೋ ಹೇಳೋದು ಹೇಗೆ? ಆ ಒಂದು ಅನುಮಾನದಲ್ಲಿ ಆ ಹೆಂಗಸಿಗೆ ಸಿಗಬೇಕಾದ ಮಾತ್ರೆ ತಪ್ಪಿಹೋಗಬಹುದು.

ಹರ್-2 ಸ್ಕೋರ್ 2+ ಬಂದರೆ, ಅಂದರೆ ಹೌದೋ ಅಲ್ಲವೋ ಖಚಿತವಾಗದಿದ್ದರೆ, ಆ ಜೀನಿನ ಪ್ರತಿಗಳನ್ನೇ ಎಣಿಸುವ ಫಿಶ್ ಟೆಸ್ಟ್ ಬೇಕು, ಖರ್ಚು ಅಂತ ಅಲ್ಲಿಗೇ ಬಿಡುವವರೂ ಇದ್ದಾರೆ. ಇನ್ನೊಂದು, ತುಣುಕನ್ನು ಮೇಣದಲ್ಲಿ ಕೂರಿಸಿಟ್ಟ ಬ್ಲಾಕ್ ಲ್ಯಾಬಿನಲ್ಲಿರುತ್ತದೆ. ಬೇರೆ ಊರಿಗೆ ತೋರಿಸಲು ಹೋಗುವಾಗ ರಿಪೋರ್ಟಿನ ಜೊತೆ ಅದನ್ನೂ ಕೇಳಿ ಇಸಿದುಕೊಳ್ಳಿ, ವರ್ಷಗಳಾದ ಮೇಲೂ ಅದರಿಂದ ಟೆಸ್ಟ್ ಮಾಡಬಹುದು.

ಮುಂದಿನ ಸಲ ಡಿಯೋಡರೆಂಟಿನಿಂದ ಕ್ಯಾನ್ಸರ್ ಬರುತ್ತಾ ಅನ್ನುವ ಪ್ರಶ್ನೆಗೆ ಅರ್ಧ ಪುಟ ಕೊಡುವ ಬದಲು ಇದನ್ನು ಹಾಕಿ.

— ಲ್ಯಾಬ್ ಟೆಕ್ನಿಷಿಯನ್, ಬೆಳಗಾವಿ