ಸಕ್ಕರೆ ಇತ್ತೇ ಎಂದು ನೀನು ಕೇಳಿದ್ದೆ

ಪ್ರಿಯ ಸೀನ,

ನಿನಗೆ ನನ್ನಿಂದ 10 ಪೌಂಡ್ ಬರಬೇಕಿದೆ. 2003ರ ಮಾರ್ಚ್ ತಿಂಗಳಿನಲ್ಲಿ ನಾವಿಬ್ಬರೂ ಕಟ್ಟಿದ ಪಂದ್ಯದ ಬಾಕಿ ಅದು. ನೀನು ಒಮ್ಮೆಯೂ ಕೇಳಲಿಲ್ಲ, ನಾನು ಒಮ್ಮೆಯೂ ನೆನಪಿಸಿಕೊಳ್ಳಲಿಲ್ಲ. ಫೋನ್ ಮಾಡಿ ಎರಡು ನಿಮಿಷದಲ್ಲಿ ಮುಗಿಸಬಹುದಾದ ಮಾತನ್ನು ಹೀಗೆ ನಾಲ್ಕು ಜನ ಓದುವಂತೆ ಬರೆಯುತ್ತಿರುವುದೇಕೆ ಎಂದು ನೀನು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ. ನಾಲ್ಕು ಜನರೆದುರು ಸುಳ್ಳು ಹೇಳಿದವನು ತಪ್ಪೊಪ್ಪಿಗೆಯನ್ನು ಮಾತ್ರ ಕಿವಿಯಲ್ಲಿ ಉಸುರಿದರೆ ಅದು ತಪ್ಪೊಪ್ಪಿಗೆಯಾಗುವುದಿಲ್ಲ, ಅದಕ್ಕಾಗಿ.

ಆದದ್ದಿಷ್ಟು. ಮಗಳಿಗೆ ಶಾಲೆಯ ಇತಿಹಾಸದ ತರಗತಿಯಲ್ಲಿ, 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಹೂಡಿದ ಇರಾಕ್ ಯುದ್ಧ ಬಂದಿದೆ. ನಾವು ಇಂಗ್ಲೆಂಡಿನ ರೀಡಿಂಗ್ ಊರಿನ ಆ ಬಾಡಿಗೆ ಮನೆಯಲ್ಲಿ ತಟ್ಟೆ ಹಿಡಿದು ಟಿವಿಯೆದುರು ಕುಳಿತು ಕಂಡದ್ದೆಲ್ಲ ಈಗ ಪಠ್ಯವಾಗಿರುವಾಗ ನಮ್ಮ ವಯಸ್ಸಿಗೆ ಬೇರೆ ಪುರಾವೆ ಬೇಕಿಲ್ಲ. ಆ ದಿನಗಳನ್ನು ಕಂಡ ಒಬ್ಬರನ್ನು ಮಾತನಾಡಿಸಿ ಬರೆದುಕೊಂಡು ಬರಬೇಕಂತೆ. ‘ಅಪ್ಪ, ಯುದ್ಧ ಬೇಡವೆಂದು ಲಂಡನ್ನಿನಲ್ಲಿ ನಡೆದ ದೊಡ್ಡ ಮೆರವಣಿಗೆಗೆ ನೀನು ಹೋಗಿದ್ದೆಯಲ್ಲ, ಅದನ್ನೇ ಹೇಳು’ ಎಂದಳು. ಹೇಳಿದೆ. ಸಾಲದ್ದಕ್ಕೆ, ಅಂದು ಕೈಯಲ್ಲಿ ಹಿಡಿದಿದ್ದ ಫಲಕವನ್ನು ಎಲ್ಲೋ ಜೋಪಾನವಾಗಿ ಎತ್ತಿಟ್ಟಿದ್ದೇನೆಂದೂ ಅದನ್ನೇ ಹುಡುಕಿ ಕೊಡುತ್ತೇನೆಂದೂ ಮಾತು ಕೊಟ್ಟು, ಮಂಡಿ ನೋವನ್ನೂ ಲೆಕ್ಕಿಸದೆ ಏಣಿ ಹಾಕಿ ಅಟ್ಟ ಹತ್ತಿದೆ.

ಫಲಕ ಸಿಗಲಿಲ್ಲ. ಸಿಕ್ಕಿದ್ದು ನಮ್ಮ ಮನೆಖರ್ಚಿನ ಪುಸ್ತಕ, ಕೆಂಪು ರಟ್ಟಿನದು, ನೀನು ಊರಿನಿಂದ ತಂದದ್ದು. ಫೆಬ್ರವರಿ 15, ಶನಿವಾರ ಎಂಬ ತಲೆಬರಹದ ಕೆಳಗೆ ನನ್ನದೇ ಅಕ್ಷರದಲ್ಲಿ ‘ಈರುಳ್ಳಿ, ಹಾಲು, ಬಚ್ಚಲಿನ ಬಲ್ಬು, ಅಡುಗೆ ಇಬ್ಬರಿಗೆ’ ಎಂದಿದೆ. ಅದರ ಕೆಳಗೆ, ಎಡಕ್ಕೆ ವಾಲುವ ನಿನ್ನ ಅಕ್ಷರದಲ್ಲಿ ‘ಲಂಡನ್ ರೈಲು, ಸ್ವಂತ ಖರ್ಚು’.

ಅಟ್ಟದ ಹಲಗೆಯ ಮೇಲೆ, ಕುತ್ತಿಗೆ ಬಗ್ಗಿಸಿಕೊಂಡು, ಆ ಎರಡು ಸಾಲನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಅಂದು ಗೋವರ್ ಸ್ಟ್ರೀಟ್‌ನಿಂದ ಒಂದು, ಥೇಮ್ಸ್ ದಂಡೆಯಿಂದ ಇನ್ನೊಂದು, ಹೀಗೆ ಎರಡು ಮೆರವಣಿಗೆ ಹೊರಟು ಪಿಕಡಿಲಿಯಲ್ಲಿ ಕೂಡಿ ಹೈಡ್ ಪಾರ್ಕಿನ ಕಡೆಗೆ ನಡೆದವು ಎಂಬುದನ್ನು ನಾನು ಎಷ್ಟು ಸಲ ಹೇಳಿಲ್ಲ! ಪೊಲೀಸರು 7.5 ಲಕ್ಷ ಜನ ಎಂದರು, ಸಂಘಟಕರು 20 ಲಕ್ಷದವರೆಗೂ ಎಳೆದರು, ನಾನು ಕೇಳುವವರ ಮುಖ ನೋಡಿ ನಡುವೆ ಎಲ್ಲಾದರೂ ನಿಲ್ಲಿಸುತ್ತಿದ್ದೆ. ‘ನಾಟ್ ಇನ್ ಮೈ ನೇಮ್’ ಎಂಬ ಫಲಕಗಳು, ತಲೆಯ ಮೇಲೆ ಚಹಾದ ಕಪ್ಪು ಕವುಚಿಕೊಂಡು ಬಂದೂಕು ಹಿಡಿದ ಆಗಿನ ಪ್ರಧಾನಿ ಟೋನಿ ಬ್ಲೇರ್ ಚಿತ್ರ, ಕೊರೆಯುವ ಚಳಿ, ಕೊನೆಗೆ ಆ ಮುದುಕಿ: ಎಂದೂ ಯಾವ ಮೆರವಣಿಗೆಗೂ ಬಾರದವಳು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ‘ತಗೋ ಮಗೂ, ಕೈ ಬೆಚ್ಚಗಾಗಲಿ’ ಎಂದು ಕೊಟ್ಟವಳು. ಎಲ್ಲವೂ ನಿನ್ನದು. ಆ ರಾತ್ರಿ ನೀನು ಬೂಟು ಕಳಚುತ್ತಾ ಹೇಳಿದ್ದನ್ನು ನಾನು ಈರುಳ್ಳಿ ಹೆಚ್ಚುತ್ತಾ ಕೇಳಿದ್ದೆ.

2019ರ ಯುಗಾದಿಗೆ ನೀನು ಇಲ್ಲಿಗೆ ಬಂದಿದ್ದಾಗ, ಹನ್ನೆರಡು ಮಂದಿ ಅತಿಥಿಗಳ ನಡುವೆ, ನಿನ್ನ ಎದುರಿಗೇ, ನಿನ್ನ ಆ ಮುದುಕಿಯ ಕತೆಯನ್ನು ನನ್ನದೆಂದು ಹೇಳಿದೆ. ಹೇಳುವಾಗ ಒಂದು ಕ್ಷಣವೂ ನಾಲಿಗೆ ತಡವರಿಸಲಿಲ್ಲ, ಏಕೆಂದರೆ ನಾನು ಸುಳ್ಳು ಹೇಳುತ್ತಿದ್ದೇನೆಂಬುದು ನನಗೇ ಗೊತ್ತಿರಲಿಲ್ಲ. ನೀನು ಹೋಳಿಗೆಯನ್ನು ಹಾಲಿಗೆ ಅದ್ದುತ್ತಾ ‘ಚಹಾಕ್ಕೆ ಸಕ್ಕರೆ ಇತ್ತೇನೋ?’ ಎಂದು ಕೇಳಿದೆ. ಎಲ್ಲರೂ ನಕ್ಕರು. ನಾನು ‘ಇರಲಿಲ್ಲ’ ಎಂದೆ. ನೀನು ‘ಹೌದಾ’ ಎಂದು ಹೋಳಿಗೆ ತಿಂದೆ.

ಕನ್ನಡದ ಕ್ರಿಯಾಪದಗಳೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿವೆ. ಮೊದಮೊದಲು ನಾನು ‘ಸೀನ ಹೋಗಿದ್ದ’ ಎನ್ನುತ್ತಿದ್ದೆ. ಯುದ್ಧಕ್ಕೆ ಕಾರಣವೆಂದು ಹೇಳಿದ್ದ ಆಯುಧಗಳು ಇರಾಕಿನಲ್ಲಿ ಸಿಗಲಿಲ್ಲ, 2004ರಲ್ಲಿ ಅಲ್ಲಿನ ಅಬು ಗರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು ಬಂದವು, ಆಫೀಸಿನಲ್ಲಿ ಯುದ್ಧವನ್ನು ಸಮರ್ಥಿಸುವವರು ತಗ್ಗಿದ ದನಿಯಲ್ಲಿ ಮಾತನಾಡತೊಡಗಿದರು. ಆಗ ಅದು ‘ನಮ್ಮ ಮನೆಯಿಂದ ಹೋಗಿದ್ದೆವು’ ಎಂದಾಯಿತು. ನೀನು ಊರಿಗೆ ಮರಳಿದ ಮೇಲೆ ಕೊನೆಯ ‘ವು’ ಒಂದನ್ನು ಬಿಟ್ಟುಬಿಡುವುದು ಎಷ್ಟು ಹೊತ್ತಿನ ಕೆಲಸ? ‘ಹೋಗಿದ್ದೆ.’

ಪುಟ ತಿರುವಿದರೆ ಮಾರ್ಚ್ 18. ಹಿಂದಿನ ರಾತ್ರಿ ರಾಬಿನ್ ಕುಕ್ ಮಂತ್ರಿಪದವಿ ಬಿಟ್ಟು ಸಂಸತ್ತಿನಲ್ಲಿ ಮಾತನಾಡಿದ್ದರು. ಸಾಮಾನ್ಯ ಅರ್ಥದ ಸಮೂಹನಾಶಕ ಅಸ್ತ್ರಗಳು ಇರಾಕಿನ ಬಳಿ ಬಹುಶಃ ಇಲ್ಲ ಎಂದು, ಅಲ್ಲಿಯವರೆಗೂ ಸರ್ಕಾರದೊಳಗಿದ್ದ, ಹಿಂದೆ ವಿದೇಶಾಂಗ ಸಚಿವರೂ ಆಗಿದ್ದ ಮನುಷ್ಯ ನಿಂತು ಹೇಳಿದರು. ಚಪ್ಪಾಳೆ ತಟ್ಟುವ ವಾಡಿಕೆಯಿಲ್ಲದ ಆ ಸದನದಲ್ಲಿ ಚಪ್ಪಾಳೆ ಬಿತ್ತು. ನೀನು ವಾಲ್ಯೂಮ್ ಹೆಚ್ಚಿಸಿದೆ. ನಾನು ಒಗ್ಗರಣೆಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವೆಂದು ಗೊಣಗಿದೆ. ಮಾರನೆಯ ದಿನ ಸಂಸತ್ತು 412ಕ್ಕೆ 149 ಮತಗಳಿಂದ ಯುದ್ಧಕ್ಕೆ ಒಪ್ಪಿತು. ಪುಸ್ತಕದಲ್ಲಿ, ಅಕ್ಕಿ ಮೂಟೆಯ ಲೆಕ್ಕದ ಪಕ್ಕದಲ್ಲಿ, ‘ಸಿಗುತ್ತವೆ, ವರ್ಷದೊಳಗೆ, 10 ಪೌಂಡ್’ ಎಂದು ಬರೆದು ನಾನು ರುಜು ಹಾಕಿದ್ದೇನೆ. ‘ಸಿಗುವುದಿಲ್ಲ’ ಎಂದು ನೀನು. ಸಾಕ್ಷಿ ನಮ್ಮ ಜೊತೆಗಿದ್ದ ಭಟ್ಟರು, ಅವರ ರುಜುವಿನ ಮೇಲೆ ಹುಳಿಯ ಕಲೆ ಇನ್ನೂ ಹಳದಿಯಾಗಿಯೇ ಇದೆ.

ಕೆಳಗಿಳಿದು ಬಂದವನು ಮಾಡಿದ ಮೊದಲ ಕೆಲಸ ನನ್ನಂಥವರು ಇನ್ನೆಷ್ಟು ಮಂದಿ ಇದ್ದಾರೆಂದು ಹುಡುಕಿದ್ದು. ಸಿಕ್ಕರು. ಯೂಗವ್ ಎಂಬ ಸಮೀಕ್ಷೆಯ ಸಂಸ್ಥೆ 2003ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ 21 ಸಲ ಈ ದೇಶದ ಜನರನ್ನು ಕೇಳಿತ್ತು. ಸರಾಸರಿ 100ಕ್ಕೆ 54 ಮಂದಿ ಯುದ್ಧ ಮಾಡಿದ್ದು ಸರಿ ಎಂದಿದ್ದರು. 2015ರಲ್ಲಿ ಅದೇ ಸಂಸ್ಥೆ, ಆಗ ನಿಮ್ಮ ಅಭಿಪ್ರಾಯ ಏನಿತ್ತು ಎಂದು ಕೇಳಿದಾಗ, ಸರಿ ಎಂದುಕೊಂಡಿದ್ದೆ ಎಂದು ಒಪ್ಪಿಕೊಂಡವರು 37 ಮಂದಿ ಮಾತ್ರ. ನಡುವಿನ ಹನ್ನೆರಡು ವರ್ಷಗಳಲ್ಲಿ ಕೆಲವರು ಸತ್ತಿರುತ್ತಾರೆ, ಹೊಸಬರು ಸೇರಿರುತ್ತಾರೆ, ಅದೆಲ್ಲ ಲೆಕ್ಕ ಹಾಕಿದರೂ ಮಿಕ್ಕವರು ಎಲ್ಲಿ ಹೋದರು? ಅಭಿಪ್ರಾಯ ಬದಲಾಯಿಸಿಕೊಂಡವರನ್ನು ನಾನು ಹೇಳುತ್ತಿಲ್ಲ, ಬದಲಾಯಿಸಿಕೊಳ್ಳುವುದು ಒಳ್ಳೆಯದೇ. ಬದಲಾಯಿಸಿಕೊಂಡೆ ಎಂಬುದನ್ನೇ ಮರೆತವರು ಇವರು. ಮೊದಲಿನಿಂದಲೂ ಹೀಗೇ ಇದ್ದೆ ಎನ್ನುವವರು.

ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದು. ಆ ಚಳಿಗಾಲದಲ್ಲಿ ಯುದ್ಧಕ್ಕೆ ಒಪ್ಪಿಗೆ ಕೊಡುವ ವಿಶ್ವಸಂಸ್ಥೆಯ ಎರಡನೆಯ ನಿರ್ಣಯವಿಲ್ಲದೆ ಯುದ್ಧ ಬೇಡ ಎನ್ನುತ್ತಿದ್ದವರೇ ಹೆಚ್ಚು. ಸೈನಿಕರು ಗಡಿ ದಾಟಿದೊಡನೆ ಬೆಂಬಲ ಸರ್ರನೆ ಏರಿತು. 45 ನಿಮಿಷದಲ್ಲಿ ಹೂಡಬಲ್ಲ ಅಸ್ತ್ರಗಳ ಬಗ್ಗೆ ಸರ್ಕಾರ ಹಿಂದಿನ ಸೆಪ್ಟೆಂಬರಿನಲ್ಲಿ ಹೊರಡಿಸಿದ್ದ ಕಡತವನ್ನು ಅವರೆಲ್ಲ ಕುಳಿತು ಓದಿದ್ದರಿಂದ ಆದ ಏರಿಕೆ ಅದಾಗಿರಲಿಲ್ಲ. ಹುಡುಗರು ಹೋಗಿಯಾಗಿದೆ, ಇನ್ನು ಏನು ವಾದ ಎಂಬ ಭಾವ ಅದು. ಹಾಗಾಗಿ ಬಹಳ ಜನರೊಳಗೆ ಫೆಬ್ರವರಿಯ ಅನುಮಾನವೂ ಇತ್ತು, ಏಪ್ರಿಲ್ 9ರಂದು ಬಾಗ್ದಾದಿನಲ್ಲಿ ಸದ್ದಾಮನ ಪ್ರತಿಮೆ ಉರುಳಿದಾಗಿನ ಹುಮ್ಮಸ್ಸೂ ಇತ್ತು. ಆಮೇಲೆ ನೆನಪು ಅನುಮಾನವನ್ನಷ್ಟೇ ಮಡಿಸಿ ಬೀರುವಿನಲ್ಲಿಟ್ಟುಕೊಂಡಿತು. ನನ್ನ ಪಾಡು ಅವರದಕ್ಕಿಂತ ಕಷ್ಟ, ಏಕೆಂದರೆ ನನ್ನಲ್ಲಿ ಅನುಮಾನವೂ ಇರಲಿಲ್ಲ. ನಿನ್ನದನ್ನು ಎರವಲು ಪಡೆಯಬೇಕಾಯಿತು.

ನಾನೇಕೆ ಅಷ್ಟು ಗಟ್ಟಿಯಾಗಿ ವಾದಿಸುತ್ತಿದ್ದೆ, ಗೊತ್ತೇ? ಕುವೈತಿನ ಮಾವನನ್ನು ಮುಂದಿಡುತ್ತಿದ್ದೆ, ನಿನಗೆ ನೆನಪಿರಬೇಕು. 1990ರಲ್ಲಿ ಸದ್ದಾಮ್ ಕುವೈತನ್ನು ನುಂಗಿದಾಗ ಅಲ್ಲಿಂದ ಬಂದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಒಬ್ಬರು ಅವರು. ಹದಿನಾಲ್ಕು ವರ್ಷದ ದುಡಿಮೆಯನ್ನು ಬಿಟ್ಟು, ಬಸ್ಸಿನಲ್ಲಿ ಇರಾಕ್ ಹಾದು ಜೋರ್ಡಾನಿನ ಅಮ್ಮಾನ್ ತಲುಪಿ, ವಿಮಾನ ಹಿಡಿದು ಕುಂದಾಪುರಕ್ಕೆ ಒಂದು ಸೂಟ್‌ಕೇಸಿನೊಂದಿಗೆ ಬಂದಿಳಿದವರು. ‘ನಮ್ಮ ಮನೆಯವರು ಅನುಭವಿಸಿದ್ದಾರೆ’ ಎಂದು ಮೇಜು ಕುಟ್ಟಿದರೆ ನೀನು ಸುಮ್ಮನಾಗುತ್ತಿದ್ದೆ. ನಿನಗೆ ಹೇಳದೆ ಮುಚ್ಚಿಟ್ಟದ್ದು ಒಂದಿದೆ. ಆ ಮಾರ್ಚ್‌ನಲ್ಲಿ, 5 ಪೌಂಡಿನ ಫೋನ್ ಕಾರ್ಡ್ ಉಜ್ಜಿ ಮಾವನಿಗೆ ಕರೆ ಮಾಡಿ, ಕೊನೆಗೂ ನಿಮಗೆ ನ್ಯಾಯ ಸಿಗುತ್ತಿದೆ ಎಂದೆ. ಅವರು ‘ಬಾಂಬು ಅವನ ತಲೆಗೇ ಬೀಳ್ತದಾ? ಬಸ್ರಾದಲ್ಲಿ ನಮಗೆ ಕುಬ್ಬೂಸ್ ರೊಟ್ಟಿ ಕೊಟ್ಟದ್ದು ಆ ಊರಿನ ಜನವೇ ಮಾರಾಯ’ ಎಂದರು. ನಾನು ಅತ್ತೆಯ ಆರೋಗ್ಯ ವಿಚಾರಿಸಿದೆ. ಮಾರನೆಯ ದಿನ ಮತ್ತೆ ನಿನ್ನೆದುರು ಮಾವನನ್ನೇ ಮುಂದಿಟ್ಟೆ.

ನಿಜವಾದ ಕಾರಣ ಇನ್ನೂ ಸಣ್ಣದು. ನನ್ನ ಪಕ್ಕದ ಮೇಜಿನವನ ತಮ್ಮ ಸೈನ್ಯದಲ್ಲಿದ್ದ, ಅವನನ್ನು ಬಸ್ರಾ ಕಡೆಗೆ ಕಳುಹಿಸಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಅವನ ಸುತ್ತ ಕೂರುತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ನನ್ನನ್ನೂ ಕರೆದರು. ‘ನಮ್ಮ ಹುಡುಗರು’ ಎಂದು ನಾನೂ ಹೇಳಿದೆ, ಯಾರೂ ತಿರುಗಿ ನೋಡಲಿಲ್ಲ, ಎಷ್ಟು ಹಿತವೆನಿಸಿತೆಂದರೆ ಹೇಳಲಾರೆ. ವರ್ಕ್ ಪರ್ಮಿಟ್‌ನ ಮೇಲೆ ಬದುಕುವವನಿಗೆ ‘ನಾವು’ ಎಂಬ ಪದ ಅಷ್ಟು ಅಗ್ಗವಾಗಿ ಇನ್ನೆಲ್ಲೂ ಸಿಕ್ಕಿರಲಿಲ್ಲ. ನಮ್ಮ ಲೋಕಸಭೆ ಏಪ್ರಿಲ್ 8ರಂದು ಈ ಯುದ್ಧದ ವಿರುದ್ಧ, ಹಿಂದಿಯಲ್ಲಿ ‘ನಿಂದಾ’ (ಖಂಡನೆ) ಎಂಬ ಪದವನ್ನಿಟ್ಟು ನಿರ್ಣಯ ಮಾಡಿದಾಗ, ಇವರು ಶಬ್ದಕೋಶ ಹಿಡಿದು ಯುದ್ಧ ನಿಲ್ಲಿಸುತ್ತಾರೆ ಎಂದು ಅದೇ ಮೇಜಿನಲ್ಲಿ ನಾನು ಗೇಲಿ ಮಾಡಿ ನಗಿಸಿದೆ. ಆ ಜುಲೈನಲ್ಲಿ ಭಾರತ ಇರಾಕಿಗೆ ಸೈನ್ಯ ಕಳುಹಿಸುವುದಿಲ್ಲ ಎಂದಾಗಲೂ ನಗಿಸಿದೆ. ಇಂದು ಅದೇ ನಿರ್ಣಯಗಳ ಬಗ್ಗೆ ಇಲ್ಲಿಯವರೆದುರು ಹೆಮ್ಮೆ ಪಡುವವನೂ ನಾನೇ.

ಮಾರ್ಚ್ 21, ಶುಕ್ರವಾರ ಸಂಜೆ, ಬಾಗ್ದಾದಿನ ಮೇಲೆ ಬಾಂಬುಗಳ ಮಳೆ ಬಿದ್ದಿತಲ್ಲ, ಅಂದು ನಾನು ಆಫೀಸಿನಿಂದ ಬೇಗ ಬಂದಿದ್ದೆ. ಅಮ್ಮ ಕಳುಹಿಸಿದ ಚಕ್ಕುಲಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಕಿತ್ತಳೆ ಬಣ್ಣದ ಬೆಂಕಿ ಎದ್ದಾಗಲೆಲ್ಲ ಸದ್ದು ತಡವಾಗಿ ಬರುತ್ತಿತ್ತು, ನದಿಯ ನೀರಿನಲ್ಲಿ ಅದರ ನೆರಳು ಕಾಣುತ್ತಿತ್ತು. ನೀನು ಕೋಣೆಯ ಬಾಗಿಲು ಹಾಕಿಕೊಂಡೆ. ನನಗೆ ಭಯವಾಗಲಿಲ್ಲ, ಕನಿಕರವೂ ಬರಲಿಲ್ಲ. ಮುಂದಿನದು ಯಾವಾಗ ಎಂದು ಕಾಯುತ್ತಿದ್ದೆ. ಡಬ್ಬಿ ಖಾಲಿಯಾಗಿತ್ತು. ಇದನ್ನು ಬರೆಯಬೇಕೆಂದು ಕೂತವನಲ್ಲ ನಾನು, ಬರೆದಾಗಿದೆ, ಇರಲಿ.

ಆ ಯುದ್ಧದಲ್ಲಿ ಬ್ರಿಟನ್ನಿನ 179 ಸೈನಿಕರು ಸತ್ತರು, ಇರಾಕಿನಲ್ಲಿ ಲಕ್ಷಕ್ಕೂ ಹೆಚ್ಚು ನಾಗರಿಕರು. ಪಕ್ಕದ ಮೇಜಿನವನ ತಮ್ಮ ಕ್ಷೇಮವಾಗಿ ಬಂದ. ಅಣ್ಣನೇ ಯುದ್ಧದ ಮಾತನ್ನು ಬಿಟ್ಟ. 2005ರ ಚುನಾವಣೆಯಲ್ಲಿ, ಕಾಮನ್‌ವೆಲ್ತ್ ದೇಶದವನೆಂಬ ಕಾರಣಕ್ಕೆ ಸಿಕ್ಕಿದ ಹಕ್ಕಿನಿಂದ, ಬ್ಲೇರ್ ಅವರ ಪಕ್ಷಕ್ಕೇ ಮತ ಹಾಕಿದೆ. ಬಹುಮತ 66 ಸ್ಥಾನಕ್ಕೆ ಇಳಿದರೂ ಅವರೇ ಗೆದ್ದರು. ಆಮೇಲೆ 2016ರ ಜುಲೈ 6ರಂದು, ಈ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ವಿಚಾರಣೆಯ ಚಿಲ್ಕಾಟ್ ವರದಿ ಬಂತು: 12 ಸಂಪುಟ, 26 ಲಕ್ಷ ಪದ. ಶಾಂತಿಯ ದಾರಿಗಳನ್ನೆಲ್ಲ ತುಳಿದು ನೋಡುವ ಮೊದಲೇ ಯುದ್ಧಕ್ಕೆ ಹೋದರು ಎಂದಿತು. ಏನೇ ಆಗಲಿ ನಿಮ್ಮೊಂದಿಗಿರುತ್ತೇನೆ ಎಂದು ಬ್ಲೇರ್ 2002ರ ಜುಲೈನಲ್ಲೇ ಬುಷ್‌ಗೆ ಬರೆದಿದ್ದ ಚೀಟಿಯೂ ಹೊರಬಿತ್ತು. ಅಂದು ನಾನು ನಿನಗೆ ಫೋನ್ ಮಾಡಿ ‘ನೋಡಿದೆಯಾ, ನಾವು ಆಗಲೇ ಹೇಳಿದ್ದೆವು’ ಎಂದಿದ್ದೆ. ನೀನು ಮೈಸೂರಿನಲ್ಲಿ ಮಳೆ ಹೇಗಿದೆಯೆಂದು ಹೇಳಿದೆ. ನಿನ್ನ ತಾಳ್ಮೆಗೆ ಒಂದು ಪದಕ ಕೊಡಬೇಕು. ಸದ್ಯ ನನ್ನ ಬಳಿ ಇರುವುದು 10 ಪೌಂಡ್.

ಬಡ್ಡಿ ಕೇಳಬೇಡ, ಪುಸ್ತಕದಲ್ಲಿ ಬಡ್ಡಿಯ ಮಾತಿಲ್ಲ, ಬೇಕಿದ್ದರೆ ಭಟ್ಟರನ್ನು ಕೇಳು. ಅದಲ್ಲದೆ 2003ರ ಜನವರಿಯಲ್ಲಿ ನೀನು ಒಡೆದ ನನ್ನ ಗಾಜಿನ ಬೋಗುಣಿಯ 3 ಪೌಂಡ್ ಕೂಡ ಅಲ್ಲೇ ದಾಖಲಾಗಿದೆ, ವಜಾ ಮಾಡಿಕೊಳ್ಳುತ್ತೇನೆ. ಅಟ್ಟದಿಂದ ಇಳಿಯುವಾಗ ಮಂಡಿ ಇನ್ನಷ್ಟು ಹಿಡಿದುಕೊಂಡಿದೆ. ಯುದ್ಧಕ್ಕೆ ಸಂಬಂಧಿಸಿ ನನಗಾದ ಏಕೈಕ ಗಾಯ ಇದು, ಇದನ್ನಾದರೂ ಮುಂದೆ ಬಸ್ರಾದಲ್ಲಿ ಆದದ್ದು ಎನ್ನದಂತೆ ನೀನು ಎಚ್ಚರ ವಹಿಸು.

ಮಗಳಿಗೆ ಪುಸ್ತಕ ತೋರಿಸಿದೆ. ಎರಡು ಸಾಲನ್ನೂ ಬೆರಳಿಟ್ಟು ಓದಿದಳು, ಅವಳ ಕನ್ನಡ ನಿಧಾನ. ನಂತರ ನಿನ್ನ ನಂಬರ್ ಬರೆದುಕೊಂಡಳು. ಭಾನುವಾರ ಬೆಳಿಗ್ಗೆ ಕರೆ ಮಾಡುತ್ತಾಳೆ. ಆ ಚಹಾಕ್ಕೆ ಸಕ್ಕರೆ ಇತ್ತೋ ಇಲ್ಲವೋ, ಅವಳಿಗೆ ಹೇಳು.

ಇಂತಿ,
ಈರುಳ್ಳಿ ಹೆಚ್ಚುತ್ತಿದ್ದವನು