ಗೆಳೆಯನಿಗೊಂದು ಪತ್ರ: ಮೂರಕ್ಕಿಂತ ನಾಲ್ಕು ದೊಡ್ಡದೇ?

ಪ್ರಿಯ ಗೆಳೆಯಾ,

ಸ್ಪೀಡ್‌ವೇ ಬೈಕ್ ಓಟದಲ್ಲಿ ಜ್ಮಾರ್ಜ್ಲಿಕ್ ಆರನೆಯ ಬಾರಿ ವಿಶ್ವ ಚಾಂಪಿಯನ್ ಆದ ರಾತ್ರಿ, ಆ ಆಟದ ಸಾರ್ವಕಾಲಿಕ ಶ್ರೇಷ್ಠ ಯಾರೆಂಬ ನಮ್ಮ ಹಳೆಯ ಜಗಳಕ್ಕೆ ತೆರೆ ಎಳೆಯಲು ನೀನು ಕಳುಹಿಸಿದ "ಇನ್ನಾದರೂ ಬಾಯಿ ಮುಚ್ಚು" ಎಂಬ ಸಂದೇಶಕ್ಕೆ ಇದು ಉತ್ತರ. ಬಾಯಿ ಮುಚ್ಚುವ ಉದ್ದೇಶ ನನಗಿಲ್ಲ. ನಿನಗೊಬ್ಬನಿಗೇ ಬರೆದರೆ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಸುಮ್ಮನಾಗುತ್ತೀಯೆಂದು ಗೊತ್ತು. ಆದ್ದರಿಂದ ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ಮರ್ಯಾದೆಗೆ ಅಂಜಿಯಾದರೂ ಎರಡು ಸಾಲು ಬರೆದೀಯೆಂಬ ಆಸೆ.

ಮೊದಲು ನಿನ್ನ ಪಕ್ಷಾಂತರದ ವಿಚಾರ. ಮೈಸೂರಿನಲ್ಲಿದ್ದಷ್ಟು ದಿನ ನೀನು ಐವನ್ ಮೇಜರ್ ಪಕ್ಷದವನು. ಅದಕ್ಕೆ ನೀನು ಕೊಡುತ್ತಿದ್ದ ಕಾರಣಗಳು ಏನೇ ಇರಲಿ, ನಿಜವಾದ ಕಾರಣ ಒಂದೇ: ನಿನ್ನ ತಂದೆಯವರು ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿದ್ದರು, ಮೇಜರ್ ಓಡಿಸುತ್ತಿದ್ದುದೂ ಜಾವಾ. ಮೈಸೂರಿನಲ್ಲಿ ತಯಾರಾದದ್ದು 250 ಸಿಸಿ ಟೂ ಸ್ಟ್ರೋಕ್ ಬೈಕು, ಅವನದು ಜೆಕೊಸ್ಲೊವಾಕಿಯಾದ ದಿವಿಶೋವ್‌ನಿಂದ ಬರುತ್ತಿದ್ದ 500 ಸಿಸಿ ಫೋರ್ ಸ್ಟ್ರೋಕ್, ಎರಡಕ್ಕೂ ಹೆಸರೊಂದನ್ನು ಬಿಟ್ಟರೆ ನಂಟಿಲ್ಲ ಎಂದು ಎಷ್ಟು ಹೇಳಿದರೂ ನೀನು ಕೇಳಲಿಲ್ಲ. ಈಗ ಕೆಲಸಕ್ಕೆಂದು ವ್ರೋಟ್ಸ್ವಾಫ್‌ಗೆ ಹೋದವನು ಏಕಾಏಕಿ ಪೋಲೆಂಡಿನ ಜ್ಮಾರ್ಜ್ಲಿಕ್ ಪಕ್ಷ ಸೇರಿದ್ದೀಯ. ಅವನಾದರೂ ಲೀಗ್‌ನಲ್ಲಿ ನಿನ್ನ ಊರಿನ ತಂಡದ ಎದುರಾಳಿ ಲುಬ್ಲಿನ್‌ಗೆ ಓಡಿಸುವವನು. ಯಾವ ರೆಸಾರ್ಟಿನಲ್ಲಿ ನಡೆಯಿತು ಮಾರಾಯ ಈ ವ್ಯವಹಾರ?

ನಮ್ಮಿಬ್ಬರ ಹುಚ್ಚು ಗೊತ್ತಿಲ್ಲದವರಿಗಾಗಿ ಎರಡು ಮಾತು; ನೀನು ಈ ಭಾಗ ಬಿಟ್ಟು ಓದು. ಸ್ಪೀಡ್‌ವೇ ಎಂದರೆ ಅಂಡಾಕಾರದ ಮಣ್ಣಿನ ಟ್ರ್ಯಾಕ್, ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದ ಆಟ. ಮೆಥನಾಲ್ ಕುಡಿಯುವ ಎಂಜಿನ್, ಒಂದೇ ಗೇರ್. ಬ್ರೇಕ್ ಇಲ್ಲ, ಇರಕೂಡದೆಂದೇ ನಿಯಮ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿಕೊಂಡು, ಆ ಕಾಲನ್ನು ನೆಲಕ್ಕೆ ತಾಗಿಸಿ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾರೆ. ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ, ಬೈಕು ಎಡಕ್ಕೆ ಹೋಗುತ್ತದೆ. ಗೆದ್ದವನಿಗೆ 3 ಅಂಕ, ಮುಂದಿನವರಿಗೆ 2, 1, ಕಡೆಯವನಿಗೆ ಸೊನ್ನೆ.

ಇನ್ನು ನಿನ್ನ ಆರರ ಲೆಕ್ಕಕ್ಕೆ ಬರೋಣ. ಆರು ಬಾರಿ ವಿಶ್ವ ಪ್ರಶಸ್ತಿ ಗೆದ್ದವರು ಮೂವರು: ನ್ಯೂಜಿಲೆಂಡಿನ ಮೇಜರ್ 1968ರಿಂದ 1979ರ ನಡುವೆ, ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್ 1994ರಿಂದ 2005ರ ನಡುವೆ, ಈಗ ನಿನ್ನ ಜ್ಮಾರ್ಜ್ಲಿಕ್. ಮೂರೂ ಆರುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಸಮ ಎನ್ನುತ್ತೀಯ. ಮೇಜರ್ ಕಾಲದಲ್ಲಿ ವಿಶ್ವ ಫೈನಲ್ ಎಂದರೆ ಸಾಮಾನ್ಯವಾಗಿ ಒಂದೇ ದಿನದ ಆಟ. 16 ಜನ, 20 ಹೀಟ್ (ನಾಲ್ವರ ಬಿಡಿ ಓಟ), ತಲಾ ಐದು ಓಟ. ಅಂದರೆ ವರ್ಷವಿಡೀ ದುಡಿದು ಕಡೆಗೆ ಐದಾರು ನಿಮಿಷದಲ್ಲಿ ಹಣೆಬರಹ ತೀರ್ಮಾನ. 1973ರಲ್ಲಿ ಪೋಲೆಂಡಿನ ಖೋಜೂಫ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರ ಎದುರು ಯೆಜಿ ಶ್ಚಾಕಿಯೆಲ್ ಜೊತೆ ಅಂಕ ಸಮವಾಗಿ, ನಿರ್ಣಾಯಕ ಓಟದಲ್ಲಿ ಮೇಜರ್ ಬಿದ್ದ. ಅವತ್ತು ಬೀಳದಿದ್ದರೆ ಏಳು. ಈಗಿರುವುದು ಗ್ರ್ಯಾನ್ ಪ್ರಿ, ಹಲವು ಊರುಗಳ ಸ್ಪರ್ಧೆಗಳ ಅಂಕ ಕೂಡಿಸಿ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪದ್ಧತಿ. ಜ್ಮಾರ್ಜ್ಲಿಕ್‌ಗಾದರೋ ಒಂದು ರಾತ್ರಿ ಕೆಟ್ಟರೆ ಇನ್ನೊಂದು ಊರು, ಇನ್ನೊಂದು ರಾತ್ರಿ ಇದ್ದೇ ಇರುತ್ತದೆ. 2023ರಲ್ಲಿ ಡೆನ್ಮಾರ್ಕಿನ ವೋಯೆನ್ಸ್‌ನಲ್ಲಿ ಅರ್ಹತಾ ಸುತ್ತಿಗೆ ನಿಯಮದ ಪ್ರಕಾರದ ಉಡುಪು ಹಾಕಲಿಲ್ಲವೆಂದು ಆ ಊರಿನ ಇಡೀ ಸ್ಪರ್ಧೆಯಿಂದಲೇ ಹೊರಹಾಕಿದರೂ ಅವನು ಮುಂದಿನ ಊರಿನಲ್ಲಿ ಚಾಂಪಿಯನ್ ಆದ. (ಉಡುಪಿನ ವಿಷಯ ಬಂದಾಗ ನಿನಗೆ ನೆನಪಾಗುವುದು ಏನೆಂದು ನನಗೆ ಗೊತ್ತು. ಆ ರೈನ್‌ಕೋಟಿನ ಕಥೆಯನ್ನು ದಯವಿಟ್ಟು ಇಲ್ಲಿ ಎತ್ತಬೇಡ. ನನ್ನ ಅತ್ತೆಯವರೂ ಇದನ್ನು ಓದುತ್ತಾರೆ.)

ಹೌದು, 2025ರಲ್ಲಿ ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಜ್ ಕಡೆಯ ಐದೂ ಸ್ಪರ್ಧೆಗಳನ್ನು ಗೆದ್ದುಕೊಂಡು ಬಂದರೂ ಒಂದೇ ಒಂದು ಅಂಕದಿಂದ ಜ್ಮಾರ್ಜ್ಲಿಕ್ ಉಳಿದುಕೊಂಡದ್ದು ದೊಡ್ಡದೇ. ಒಪ್ಪಿದೆ. ಆದರೆ ನನ್ನ ಪಕ್ಷ ಬದಲಾಗಿಲ್ಲ. ನನ್ನವನು ಹ್ಯಾನ್ಸ್ ನೀಲ್ಸನ್. ನಾಲ್ಕು ಪ್ರಶಸ್ತಿ: 1986, 1987, 1989, 1995. ಒಂದು ದಿನದ ಫೈನಲ್ ಇದ್ದ ಕಾಲದಲ್ಲೂ ಗೆದ್ದ, ಗ್ರ್ಯಾನ್ ಪ್ರಿ ಬಂದ ಮೊದಲ ವರ್ಷವೂ ಅವನೇ ಗೆದ್ದ. ಅವನ ಮೈ ಅಲುಗುತ್ತಿರಲಿಲ್ಲ, ಬೈಕು ಮಾತ್ರ ಅಲುಗುತ್ತಿತ್ತು. ಅವನನ್ನು 'ಪ್ರೊಫೆಸರ್' ಎಂದು ಕರೆದದ್ದು ಸುಮ್ಮನೆ ಅಲ್ಲ.

ನೀನು ಪ್ರತಿ ಸಲ ಅವನೆದುರು ತಂದು ನಿಲ್ಲಿಸುವುದು ಎರಿಕ್ ಗುಂಡರ್‌ಸನ್‌ನನ್ನು. ಇಬ್ಬರೂ ಡೆನ್ಮಾರ್ಕಿನವರು, ಒಂದೇ ವಯಸ್ಸಿನವರು. 1984ರಿಂದ 1989ರವರೆಗಿನ ಆರು ವರ್ಷ ವಿಶ್ವ ಪ್ರಶಸ್ತಿ ಈ ಇಬ್ಬರ ಮನೆ ಬಿಟ್ಟು ಹೊರಗೆ ಹೋಗಲೇ ಇಲ್ಲ. 84, 85, 88 ಗುಂಡರ್‌ಸನ್‌ನದು. 86, 87, 89 ನೀಲ್ಸನ್‌ನದು. 88ರಲ್ಲಂತೂ ವೋಯೆನ್ಸ್‌ನಲ್ಲಿ ಇಬ್ಬರಿಗೂ 14 ಅಂಕ, ಕಡೆಗೆ ನಿರ್ಣಾಯಕ ಓಟದಲ್ಲಿ ಗುಂಡರ್‌ಸನ್. ನೀನು "ನೇರ ಓಟದಲ್ಲಿ ಸೋಲಿಸಿದವನು ದೊಡ್ಡವನೋ, ಸೋತವನೋ?" ಎನ್ನುತ್ತಿದ್ದೆ. ನನ್ನ ಉತ್ತರ ಯಾವಾಗಲೂ ಅದೇ: ಮೂರಕ್ಕಿಂತ ನಾಲ್ಕು ದೊಡ್ಡದು. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ಸತ್ಯ. ಮಂಡ್ಯ ಬಸ್ ನಿಲ್ದಾಣದ ತೀರ್ಪೂ ನನ್ನ ಕಡೆಗೇ ಆಗಿತ್ತು, ಮರೆತಿಲ್ಲ ತಾನೆ?

ಹೋದ ತಿಂಗಳು ಒಂದು ಭಾನುವಾರ ಊಟ ಮುಗಿಸಿ, ನಿನ್ನ ಬಾಯಿ ಮುಚ್ಚಿಸಲು ಸಾಕ್ಷಿ ಬೇಕೆಂದು 1989ರ ಹಳೆಯ ವಿಡಿಯೊಗಳನ್ನು ಹುಡುಕುತ್ತಾ ಕುಳಿತೆ. ಆ ವರ್ಷ ಸೆಪ್ಟೆಂಬರ್ ಆರಂಭದಲ್ಲಿ ಮ್ಯೂನಿಕ್‌ನಲ್ಲಿ ನೀಲ್ಸನ್ ಐದಕ್ಕೆ ಐದೂ ಗೆದ್ದು 15 ಅಂಕ ಪಡೆದಿದ್ದ. ನನಗೆ ಬೇಕಾದದ್ದು ಅದು. ಆದರೆ ಅದರ ಪಕ್ಕದಲ್ಲೇ ಅದೇ ತಿಂಗಳ 17ರ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ವಿಡಿಯೊ ಇತ್ತು. ವಿಶ್ವ ತಂಡ ಕಪ್‌ನ ಫೈನಲ್. ನಾಲ್ವರೂ ಬೂಟಿನಿಂದ ಮಣ್ಣು ಕೆದಕಿ ಚಕ್ರಕ್ಕೆ ಹಿಡಿತ ಸಿಗುವಂತೆ ಗುಣಿ ಮಾಡಿಕೊಳ್ಳುತ್ತಾರೆ. ಬಲ ಮಣಿಕಟ್ಟಿಗೆ ಕಟ್ಟಿದ ದಾರವನ್ನು ಒಮ್ಮೆ ಎಳೆದು ನೋಡುತ್ತಾರೆ. ಸವಾರ ಬಿದ್ದರೆ ಎಂಜಿನ್ ನಿಲ್ಲಲಿ ಎಂದು ಇರುವ ದಾರ ಅದು. ಸವಾರರ ಮುಂದೆ ಅಡ್ಡ ಕಟ್ಟಿದ ಟೇಪ್ ಮೇಲಕ್ಕೆ ಹಾರುತ್ತದೆ, ಓಟ ಶುರು. ಮೊದಲ ಹೀಟ್, ಮೊದಲ ತಿರುವು, ಅಷ್ಟೇ. ನಾಲ್ಕೂ ಬೈಕುಗಳು ಒಂದರ ಮೇಲೊಂದು. ಗುಂಡರ್‌ಸನ್‌ಗೆ ಬೆನ್ನುಮೂಳೆಯ ಪೆಟ್ಟು. ಆಗ ಅವನಿಗೆ 29. ಮತ್ತೆಂದೂ ಅವನು ಸ್ಪರ್ಧೆಗೆ ಇಳಿಯಲಿಲ್ಲ.

ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಇಷ್ಟು ವರ್ಷ ನಾನು ಮೇಜು ಗುದ್ದಿ ಹೇಳುತ್ತಿದ್ದ ನಾಲ್ಕು-ಮೂರರ ಲೆಕ್ಕ ಅಲ್ಲಿಯವರೆಗೆ ಮೂರು-ಮೂರಾಗಿತ್ತು. ಆ ತಿರುವಿನ ನಂತರ ಒಬ್ಬ ಮಾತ್ರ ಓಡಿಸಿದ. ನಾಲ್ಕನೆಯದು ಬಂದದ್ದು ಹೀಗೆ. ಇನ್ನು ಪಟ್ಟಿಯ ಉಳಿದವರನ್ನು ನೋಡು. ಎರಡು ಬಾರಿಯ ಚಾಂಪಿಯನ್ ಪೀಟರ್ ಕ್ರೇವನ್ 1963ರಲ್ಲಿ ಎಡಿನ್‌ಬರೋದಲ್ಲಿ ಮುಂದಿದ್ದವನನ್ನು ತಪ್ಪಿಸಲು ಹೋಗಿ ಬಿದ್ದು ಸತ್ತ, ಅವನಿಗೂ 29. 1990ರ ಚಾಂಪಿಯನ್ ಪೆರ್ ಯೋನ್ಸನ್ 1994ರಲ್ಲಿ ಬಿದ್ದ ಮೇಲೆ ಗಾಲಿಕುರ್ಚಿ. ನಾವು 'ಸಾರ್ವಕಾಲಿಕ ಶ್ರೇಷ್ಠರು' ಎಂದು ಬರೆದುಕೊಂಡಿರುವುದರಲ್ಲಿ ಅರ್ಧ ಪ್ರತಿಭೆ, ಇನ್ನರ್ಧ ಬೆನ್ನುಮೂಳೆಯ ಅದೃಷ್ಟ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಮಗಳು ಬೆನ್ನ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ. "ಅಪ್ಪ, ಬಿದ್ದವರು ಎದ್ದರಾ?" ಎಂದಳು. ಅಷ್ಟರಲ್ಲಿ ನನ್ನ ಬೆರಳು ವಿಡಿಯೊವನ್ನು ಹಿಂದಕ್ಕೆ ಎಳೆದಾಗಿತ್ತು, ಇನ್ನೊಮ್ಮೆ ನೋಡಲು. ಅವಳು ಪರದೆಯನ್ನಲ್ಲ, ನನ್ನ ಬೆರಳನ್ನು ನೋಡುತ್ತಿದ್ದಳು. ಮ್ಯೂನಿಕ್‌ನ ವಿಡಿಯೊವನ್ನು ಆ ದಿನ ನಾನು ತೆರೆಯಲೇ ಇಲ್ಲ ಕಣೋ. ಯಾರೂ ಬೀಳದ ರಾತ್ರಿಗಳಲ್ಲಿ ಟಿವಿ ಆರಿಸುವಾಗ ನನಗೆ ಸಣ್ಣದೊಂದು ನಿರಾಸೆ ಆಗುತ್ತದೆಯೆಂಬುದನ್ನು ನಿನ್ನ ಬಳಿ ಯಾವತ್ತೂ ಹೇಳಿಲ್ಲ. ಒಳ್ಳೆಯ ಪೈಪೋಟಿ ಇರಲಿಲ್ಲ ಎಂದು ಬೇರೆ ಹೆಸರಿಟ್ಟು ಹೇಳಿರಬಹುದು.

ಡಾರ್ಸಿ ವಾರ್ಡ್ ನೆನಪಿದ್ದಾನಲ್ಲ? ಆಸ್ಟ್ರೇಲಿಯಾದ ಹುಡುಗ, ಎರಡು ಬಾರಿ ಕಿರಿಯರ ವಿಶ್ವ ಚಾಂಪಿಯನ್. "ನಿನ್ನ ಪ್ರೊಫೆಸರ್‌ನ ನಾಲ್ಕನ್ನು ಇವನು ನುಂಗಿ ನೀರು ಕುಡಿಯುತ್ತಾನೆ, ನೋಡುತ್ತಿರು" ಎಂದು ನೀನು ಹೆದರಿಸುತ್ತಿದ್ದೆ. 2015ರ ಆಗಸ್ಟ್‌ನಲ್ಲಿ ಪೋಲೆಂಡಿನ ಜೆಲೋನಾ ಗೂರಾದಲ್ಲಿ ಅವನು ಬಿದ್ದ. 23 ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋಯಿತು. ನೀನು ಫೋನ್ ಮಾಡಿ ಹೇಳಿದಾಗ ನಾನು "ಅಯ್ಯೋ ಪಾಪ" ಎಂದೆ, ಸರಿಯಾಗಿಯೇ ಎಂದೆ. ಆದರೆ ಆ ಮಾತಿಗಿಂತ ಮೊದಲು, ಒಂದು ಉಸಿರಿನಷ್ಟು ಮೊದಲು, ತಲೆಯೊಳಗೆ ಬಂದದ್ದು ಬೇರೆ: ನಾಲ್ಕು ಉಳಿಯಿತು. ಎಂದೂ ಮುಖ ನೋಡಿರದ ಹುಡುಗನೊಬ್ಬನ ಬೆನ್ನು ಮುರಿದ ಸುದ್ದಿಗೆ ನನಗೆ ಸಮಾಧಾನವಾಯಿತು. ನನ್ನ ಪಟ್ಟಿ ಕೆಡಲಿಲ್ಲ ಎಂಬ ಸಮಾಧಾನ. ನೀನು ಆಗ ಅಳುತ್ತಿದ್ದೆ ಎಂಬುದು ನನಗೆ ಫೋನಿನಲ್ಲೇ ಗೊತ್ತಾಯಿತು. ಗೊತ್ತಾಗದವನಂತೆ ಮಾತು ಬದಲಿಸಿದೆ. ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಅವನ ಹೆಸರು ಎತ್ತಿಲ್ಲ, ಗಮನಿಸಿದ್ದೀಯಾ?

ಛೆ. ನಿನ್ನನ್ನು ಕಿಚಾಯಿಸಲೆಂದು ಕುಳಿತವನು ಎಲ್ಲಿಗೋ ಬಂದುಬಿಟ್ಟೆ. ಇದನ್ನೆಲ್ಲ ಅಳಿಸೋಣವೆಂದರೆ ಬೆರಳಚ್ಚು ಮಾಡಿ ಕೈ ನೋಯುತ್ತಿದೆ, ಅಲ್ಲದೆ ಕಾಫಿಯೂ ಆರುತ್ತಿದೆ. ಓದುತ್ತಿರುವ ಉಳಿದವರು ದಯವಿಟ್ಟು "ಎಷ್ಟು ಮನಮುಟ್ಟುವಂತೆ ಬರೆದಿದ್ದೀರಿ" ಎಂದು ಬರೆಯಬೇಡಿ. ಸ್ಕೂಟರಿನಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ಎರಡೂ ಬ್ರೇಕ್ ಹಿಡಿದು, ಎರಡೂ ಕಾಲು ನೆಲಕ್ಕೆ ಸವರಿಕೊಂಡು ಬರುವ ಮನುಷ್ಯ ನಾನು. ಹಿಂದಿನಿಂದ ಬಂದ ಮೊಸರಿನ ವ್ಯಾನಿನವನು ಇಳಿದು "ಆರೋಗ್ಯ ಸರಿಯಿದೆಯೇ ಸ್ವಾಮಿ?" ಎಂದು ಕೇಳಿದ್ದುಂಟು. ವಿಶ್ವ ಚಾಂಪಿಯನ್ನರಿಗೆ ದರ್ಜೆ ಹಂಚುವ ಅಧಿಕಾರಿ ಇಂಥವನು.

ಆದರೂ ಒಂದು ತಿದ್ದುಪಡಿಗೆ ಒಪ್ಪುತ್ತೇನೆ. ನೀಲ್ಸನ್ ಮತ್ತು ಗುಂಡರ್‌ಸನ್ ನನ್ನ ಪಟ್ಟಿಯಲ್ಲಿ ಇನ್ನು ಮುಂದೆ ಒಂದೇ ಸಾಲಿನಲ್ಲಿ ಇರುತ್ತಾರೆ. ಕುಣಿಯಬೇಡ, ನೀನು ಗೆದ್ದೆ ಎಂದು ಅರ್ಥವಲ್ಲ. ಮೇಜರ್ ಕೂಡ ರಿಕಾರ್ಡ್‌ಸನ್‌ಗಿಂತ ಕೂದಲೆಳೆಯಷ್ಟು ಮೇಲೆ. ಅದು ಜಾವಾದ ಕಾರಣಕ್ಕಲ್ಲ, 39ನೆಯ ವಯಸ್ಸಿನಲ್ಲಿ ಅದೇ ಪೋಲೆಂಡಿಗೆ ಹೋಗಿ ಆರನೆಯದನ್ನು ಕಿತ್ತುಕೊಂಡು ಬಂದನಲ್ಲ, ಅದಕ್ಕೆ. ನಿನ್ನ ತಂದೆಯವರಿಗೆ ಓದಿ ಹೇಳು, ಸಂತೋಷಪಡುತ್ತಾರೆ. ಅಮ್ಮನವರಿಗೆ ನಮಸ್ಕಾರ ತಿಳಿಸು. ಅಲ್ಲಿಯ ಚಳಿಗೆ ಹೆದರಿ ಸ್ನಾನ ತಪ್ಪಿಸಬೇಡ.

ಇಂತಿ ನಿನ್ನ,
ಹಳದಿ ಹೆಲ್ಮೆಟ್

ತಾ.ಕ.: ಅಮೆರಿಕದ ಗ್ರೆಗ್ ಹ್ಯಾನ್‌ಕಾಕ್‌ಗೆ ನಾಲ್ಕು ವಿಶ್ವ ಪ್ರಶಸ್ತಿ, ಆಸ್ಟ್ರೇಲಿಯಾದ ಜೇಸನ್ ಕ್ರಂಪ್‌ಗೆ ಮೂರು. ಆದರೂ ಕ್ರಂಪ್ ಮೇಲು. 2001ರಿಂದ 2010ರವರೆಗೆ ಹತ್ತು ವರ್ಷ ಮೊದಲ ಮೂರು ಸ್ಥಾನ ಬಿಟ್ಟು ಕೆಳಗಿಳಿಯದವನು ಅವನು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದು ನೀನು ಕೇಳುತ್ತೀಯೆಂದು ಗೊತ್ತು. ಕೇಳು, ಎಲ್ಲರೆದುರೇ ಕೇಳು. ಉತ್ತರ ಆಗಲೇ ಬರೆದಿಟ್ಟುಕೊಂಡಿದ್ದೇನೆ.